ಕಹು ಯಾರಿಗೆ ಅಕ್ಕ

ಮೇ 6, ಸೋಮವಾರ

ಕೊಟ್ಟ ಮಾತು: ನಮ್ಮ ವಿಡಿಯೋ ಗೇಮಿನ ನಾಯಕಿ ಕಹು, ಹೆಣ್ಣು. ಆಡುವವರು ಯಾರೇ ಇರಲಿ, ಅವಳಾಗಿಯೇ ಆಡಬೇಕು. ಡಬ್ಬಿಯ ಮೇಲೂ ಅವಳದೇ ಮುಖ. ಕಥೆ ನ್ಯಾನಿ ಪಿರಿಹಿರಾಳ, ಅಂದರೆ ಪಿರಿಹಿರಾ ಅಜ್ಜಿಯ, ಮನೆತನದ್ದು; ಅವಳನ್ನು ಕೇಳದೆ ಒಂದು ಕೂದಲೂ ಅಲುಗದು.

ಇವತ್ತು ಹೇಳಿದ್ದು: ಕಹು ಗಂಡು. ಡಬ್ಬಿಯ ಮೇಲೂ ಗಂಡು. ನ್ಯಾನಿಗೆ ನಿಧಾನಕ್ಕೆ ತಿಳಿಸೋಣ.

ಎರಡು ವರ್ಷ ಹೆಣ್ಣಾಗಿದ್ದವಳು ಒಂದು ವಿಡಿಯೋ ಕಾಲ್‌ನಲ್ಲಿ ಗಂಡಾದಳು. ಹಣ ಹಾಕುವ ಸಿಡ್ನಿಯವರ ಅಪ್ಪಣೆ. ಗಂಡುಹುಡುಗರು ಹೆಣ್ಣಾಗಿ ಆಡಲ್ಲವಂತೆ, ಮಾರಾಟ ಬೀಳುತ್ತಂತೆ. ಬೇಕಿದ್ದರೆ ಮುಂದಿನ ವರ್ಷ ಹೆಣ್ಣಿನ ರೂಪವನ್ನು ಬೇರೆಯಾಗಿ ಮಾರಬಹುದಂತೆ, ಟೋಪಿ ಮಾರಿದ ಹಾಗೆ. ಬಾಸ್ ಕ್ಯಾಲಮ್ ಇಷ್ಟನ್ನೂ ಮೇಜು ನೋಡಿಕೊಂಡು ಒಪ್ಪಿಸಿದ.

ಎದ್ದು ನಿಂತೆ. "ಇಪ್ಪತ್ತು ವರ್ಷ ಸೈನಿಕನಾಗಿ, ಕಳ್ಳನಾಗಿ, ರಾಜಕುಮಾರನಾಗಿ ಆಡಿದೀನಿ ಕ್ಯಾಲಮ್. ನನಗೇನು ಮೀಸೆ ಬಂತಾ?"

ಯಾರೋ ನಕ್ಕರು. ಅವನು ನಗಲಿಲ್ಲ.

ಮೇ 9, ಗುರುವಾರ

ಸೆಫಿನಾ ಬೆಳಗ್ಗಿನಿಂದ ಕಂಪ್ಯೂಟರಿನಲ್ಲಿ ಕಹುವಿನ ಭುಜ ಅಗಲ ಮಾಡುತ್ತಾ ಕೂತಿದ್ದಾಳೆ. ಆ ನಡಿಗೆ, ಆ ಈಜು, ಹುಟ್ಟು ಹಾಕುವ ಆ ತೋಳು — ಎಲ್ಲ ಈ ಸಮೋವಾ ಹುಡುಗಿಯೇ ರೂಪಿಸಿದ್ದು. ಕಣ್ಣು ಕೆಂಪಗಿತ್ತು. ಹಳೆಯವಳನ್ನು ಅಳಿಸಿಬಿಟ್ಟೆಯಾ ಅಂದೆ.

"ಇಲ್ಲ ಸಿಸ್. ಮಲಗಿಸಿದೀನಿ ಅಷ್ಟೆ."

ಕ್ಯಾಲಮ್‌ನ ಲೆಕ್ಕಾಚಾರ ಕೇಳಬೇಕು. ಕಹು ಆಟದಲ್ಲಿ ಮಾತಾಡುವುದಿಲ್ಲ. ಉಳಿದವರ ಮಾತೆಲ್ಲ ನಮ್ಮ ಮಾವೊರಿ ಭಾಷೆಯಲ್ಲಿ — ನಾನೇ ಬರೆದದ್ದು. ನಮ್ಮಲ್ಲಿ ಅವನಿಗೂ ಅವಳಿಗೂ ಒಂದೇ ಪದ, ಇಯಾ. ಇದನ್ನು ಎಲ್ಲೋ ಓದಿಕೊಂಡು ಬಂದಿದ್ದಾನೆ. ಹಾಗಾಗಿ ಒಂದು ಸಾಲನ್ನೂ ಮತ್ತೆ ರೆಕಾರ್ಡ್ ಮಾಡಬೇಕಿಲ್ಲ, ಮೈ ಬದಲಾಯಿಸಿದರೆ ಸಾಕು ಅಂದ. ಹೆಮ್ಮೆಯಿಂದ ಅಂದ.

ಈ ಭಾಷೆ ಆಡಿದ್ದಕ್ಕೆ ನಮ್ಮ ಅಜ್ಜಂದಿರು ಶಾಲೆಯಲ್ಲಿ ಬೆತ್ತದ ಏಟು ತಿಂದರು. ಈಗ ಅದೇ ಭಾಷೆಯ ದೊಡ್ಡ ಮನಸ್ಸನ್ನು ಹಿಡಿದುಕೊಂಡು ನಮ್ಮ ಹುಡುಗಿಯನ್ನು ಹೊರಗೆ ದಬ್ಬುತ್ತಾರೆ.

ಮನವಿ ಬರೆದೆ. ಆಫೀಸಿನವರೆಲ್ಲ ಸಹಿ ಹಾಕಿದರು. ಊಟದ ಹೊತ್ತಿಗೆ ಅರ್ಧ ಜನ ವಾಪಸ್ ತಗೊಂಡರು. ಮನೆ ಸಾಲ ಇದೆಯಂತೆ. ನಾನೇನು ಅರಮನೆಯಲ್ಲಿದ್ದೇನಾ...

ಮೇ 12, ಭಾನುವಾರ

ಅಮ್ಮಂದಿರ ದಿನ. ಅಮ್ಮನಿಗೆ ಫೋನ್. ನೆಲಕ್ಕಾಗಿ ಪೊಲೀಸರ ಸಾಲಿನೆದುರು ಕೂತು ಹಾಡಿದವಳು. "ಕಾರ್ಟೂನ್ ಹುಡುಗಿಗೋಸ್ಕರ ಕೆಲಸ ಕಳ್ಕೋತೀಯಾ ರೈಹಾ?" ಅಂದಳು.

ಹೇಳಿದೆ. ಚಿಕ್ಕವಳಿದ್ದಾಗ ನಾನು ಆಡಿದ ಯಾವ ಆಟದಲ್ಲೂ ನನ್ನಂಥವಳು ಇರಲಿಲ್ಲ. ಇದ್ದರೂ ಯಾರೋ ಬಂದು ಕಾಪಾಡಲಿ ಅಂತ ಕಾದು ಕೂತವಳು. ಇಲ್ಲವೇ ಮೊದಲ ಹತ್ತು ನಿಮಿಷದಲ್ಲಿ ಸತ್ತವಳು, ನಾಯಕನಿಗೆ ಸಿಟ್ಟು ಬರಲಿ ಅಂತ. ದೋಣಿ ನಡೆಸಿದವಳು ಒಬ್ಬಳೂ ಇಲ್ಲ. ನಮ್ಮ ನೆಲ ಕಿತ್ತುಕೊಂಡರು, ಸರಿ, ಅದಕ್ಕೆ ನೀನು ಕೂತೆ. ಈಗ ಕಥೆ ಕಿತ್ತುಕೊಳ್ಳುತ್ತಿದ್ದಾರೆ.

ಊಟ ಆಯ್ತಾ ಅಂದಳು ಅಮ್ಮ. ಒಪ್ಪಿದಳು ಅಂತ ಅರ್ಥ.

ಮೇ 22, ಬುಧವಾರ

ಇಷ್ಟು ದಿನ ಬರೆಯೋಕೆ ಕೈ ಬರಲಿಲ್ಲ. ಭುಜ ಅಗಲವಾಯಿತು. ದವಡೆ ಚೌಕವಾಯಿತು. ಗಂಡು ಕಹು ತಯಾರಾದ.

ಇವತ್ತು ಅವನನ್ನು ಹೊತ್ತುಕೊಂಡು ಬಂದರಿನ ಹತ್ತಿರದ ಮಾವೊರಿ ಶಾಲೆಗೆ ಹೋದೆವು, ಮಕ್ಕಳು ಆಡಿ ನೋಡಲಿ ಅಂತ. ದೋಣಿ ನೀರಿಗಿಳಿಯಿತು. ದಡದಿಂದ ನ್ಯಾನಿಯ ದನಿ — ಹೋದ ಚಳಿಗಾಲ ಶಾಲು ಹೊದ್ದು ಕೂತು ರೆಕಾರ್ಡ್ ಮಾಡಿಕೊಟ್ಟದ್ದು. "ಕಹು, ಎಲ್ಲಿ ನಿನ್ನ ತೇಯ್ನ?" ಅಂದರೆ ಮೀರೋ, ಕಡಲಲ್ಲಿ ಕಳೆದುಹೋದ ತಂಗಿ. ಆಟ ಪೂರ್ತಿ ಅವಳದೇ ಹುಡುಕಾಟ.

ಮಕ್ಕಳು ನಕ್ಕರು. ನ್ಯಾನಿ ಮತ್ತೆ ಕೇಳಿದಳು, ಮತ್ತೆ ನಗು, ಬೆಂಚು ಬಡಿದುಕೊಂಡು. ಯಂತ್ರ ಕೆಟ್ಟಿತೇನೋ ಅಂತ ಕ್ಯಾಲಮ್ ವೈರು ಎಳೆದು ನೋಡಿದ. ಮುಂದಿನ ಸಾಲಿನ, ಹಲ್ಲು ಬಿದ್ದ ಒಬ್ಬಳು ಅವನಿಗೆ ಕನಿಕರದಿಂದ ಹೇಳಿದಳು:

"ಅಂಕಲ್, ಅದು ಅಕ್ಕ ಅಂತ ಅಜ್ಜಿಗೆ ಗೊತ್ತು. ನಿಮಗೇ ಗೊತ್ತಿಲ್ಲ."

ವಾಪಸ್ ಹೊರಡುವ ಮುಂಚೆ ಕಾರಿನಲ್ಲಿ ಕೂತು, ಚೀಸ್ ರೋಲ್ ಸುತ್ತಿದ ಕಾಗದದ ಮೇಲೆ ಕ್ಯಾಲಮ್‌ಗೆ ಬರೆದು ತೋರಿಸಿದೆ. ಅಕ್ಕನಿಗೆ ತಂಗಿ ತೇಯ್ನ. ಅಣ್ಣನಿಗೆ ತಮ್ಮ ತೇಯ್ನ. ಅಣ್ಣನಿಗೆ ತಂಗಿ ಮಾತ್ರ ತೇಯ್ನ ಅಲ್ಲ, ಆ ಪದವೇ ಬೇರೆ — ತುವಾಹಿನೆ. ಮೀರೋ ಹುಡುಗಿ. ಹಾಗಾದರೆ ಕಹು ಯಾರು, ನೀನೇ ಹೇಳು.

ಎಷ್ಟು ಕಡೆ ಬರುತ್ತೆ ಅಂದ. ನ್ಯಾನಿ ಬಾಯಿ ತೆರೆದಲ್ಲೆಲ್ಲ, ಅಂದೆ. ತಿರುಗಿಸಿದ ಕೀಲಿಯನ್ನು ವಾಪಸ್ ತಿರುಗಿಸಿದ.

ಬರೆದವಳು ನಾನೇ. ನನಗೂ ಹೊಳೆದಿರಲಿಲ್ಲ. ಕೂಗೋದರಲ್ಲೇ ಇದ್ದೆ, ಕೇಳಲಿಲ್ಲ.

ಜೂನ್ 5, ಬುಧವಾರ

ಕ್ಯಾಲಮ್ ನ್ಯಾನಿಯ ಮನೆಗೆ ಹೋದ, ಬಿಸ್ಕತ್ ಡಬ್ಬಿ ಹಿಡಿದುಕೊಂಡು. ಅವಳು ಹೇಳಿ ಕಳಿಸಿದ್ದಕ್ಕೆ ನಾನೂ ಹೋದೆ. ದನಿ ಇನ್ನೊಮ್ಮೆ ಕೊಡಬೇಕು, ತೇಯ್ನ ಇದ್ದಲ್ಲೆಲ್ಲ ತುವಾಹಿನೆ ಅಂದರೆ ಸಾಕು ಅಂತ ಬೇಡಿಕೊಂಡ. ನ್ಯಾನಿ ಪೂರ್ತಿ ಕೇಳಿದಳು. ಚಹಾ ಕೊಟ್ಟಳು. ಬಿಸ್ಕತ್ ಅದ್ದಿಕೊಂಡು ತಿಂದಳು.

"ಮಗಾ, ನಿನ್ನ ಹುಡುಗನಿಗೆ ತಂಗಿ ಬೇಕಾದ್ರೆ ಬೇರೆ ಅಜ್ಜಿನ ಹುಡುಕ್ಕೋ. ನನ್ನ ಕಹುಗೆ ತೇಯ್ನ ಇದಾಳೆ."

ಅವಳ ದನಿ ಇಲ್ಲದೆ ಆಟವಿಲ್ಲ. ಅವನಿಗೂ ಗೊತ್ತು, ಅವಳಿಗೂ ಗೊತ್ತು. ಹೊರಡುವಾಗ ಕೆನ್ನೆ ತಟ್ಟಿ ಕಳಿಸಿದಳು. ಬಿಸ್ಕತ್ ಡಬ್ಬಿ ಇಟ್ಟುಕೊಂಡಳು.

ಜೂನ್ 7, ಶುಕ್ರವಾರ, ಸಂಜೆ

ಸಿಡ್ನಿಯವರು ಪಟ್ಟು ಬಿಟ್ಟರು. ದನಿಯೆಲ್ಲ ಹೊಸದಾಗಿ ಮಾಡಿಸುವುದಕ್ಕಿಂತ ಹೆಣ್ಣೇ ಅಗ್ಗವಂತೆ. ನ್ಯಾಯ ಅಂತಲ್ಲ, ಅಗ್ಗ ಅಂತ. ಇರಲಿ. ಇದಕ್ಕೆ ಇನ್ನೊಂದು ದಿನ ಬೈಯುತ್ತೇನೆ.

ಸೆಫಿನಾ ಹಳೆಯ ಕಹುವನ್ನು ಎಬ್ಬಿಸಿದಳು. ಎದ್ದಳು. ಕೂದಲು ಕಟ್ಟಿದಳು, ಹುಟ್ಟು ಎತ್ತಿದಳು, ಅದೇ ತೋಳು. ನ್ಯಾನಿಯ ದನಿ ಕೇಳಿತು — ಎಲ್ಲಿ ನಿನ್ನ ತೇಯ್ನ? ಯಾರೂ ನಗಲಿಲ್ಲ. ನನ್ನ ಭುಜ ತಾನಾಗಿ ಕೆಳಗಿಳಿಯಿತು. ತಿಂಗಳಿಂದ ಅದನ್ನು ಕಿವಿಯ ಹತ್ತಿರ ಹೊತ್ತುಕೊಂಡು ಓಡಾಡಿದ್ದೆ ಅಂತ ಆಗ ತಿಳಿಯಿತು.

ಕ್ಯಾಲಮ್ ಹಿಂದೆ ಬಂದು ನಿಂತ. "ಸದ್ಯ," ಅಂದ. "ಆ ದವಡೆ ನೋಡಿ ನೋಡಿ ನನಗೂ ಸಾಕಾಗಿತ್ತು."

ಹಾಗಿದ್ದರೆ ಮೊದಲೇ ಬಾಯಿ ಬಿಡಬೇಕಿತ್ತು ಅಂದೆ. ಹೌದು ಅಂದ. ಅಷ್ಟೇ ಅಂದ. ಅಷ್ಟಾದರೂ ಅಂದ.

ಸಹಿ ವಾಪಸ್ ತಗೊಂಡವರೇ ಕೇಕ್ ತಂದಿದ್ದರು. ತಿಂದೆ. ಎರಡು ಸಲ ಹಾಕಿಸಿಕೊಂಡೆ. ಚೆನ್ನಾಗಿತ್ತು.

ಉಳಿದದ್ದು ಡಬ್ಬಿ. ಆಟದ ಒಳಗೆ ಅವಳೇ ಇರಲಿ, ಡಬ್ಬಿಯ ಮೇಲೆ ಬರೀ ದೋಣಿ ಸಾಕು ಅನ್ನುತ್ತಿದ್ದಾರೆ. ಖಾಲಿ ದೋಣಿ. ತನ್ನಷ್ಟಕ್ಕೆ ತಾನೇ ಹೊರಟಿತಾ? ನ್ಯಾನಿಗೆ ಫೋನ್ ಮಾಡಿ ಹೇಳಿದೆ. ಸಭೆಗೆ ಯಾವ ಕೋಟು ಹಾಕ್ಕೊಳ್ಳಲಿ ಅಂದಳು. ಅಮ್ಮನೂ ಬರ್ತಾಳಂತೆ.

ಡಬ್ಬಿ ತೀರ್ಮಾನದ ಸಭೆ ಸೋಮವಾರ, ಜೂನ್ 10, ಬೆಳಗ್ಗೆ ಹತ್ತು ಗಂಟೆ, ಮಹಡಿ ಮೇಲಿನ ಕೋಣೆ. ಒಂಬತ್ತಕ್ಕೇ ಹೋಗಿ ಮುಂದಿನ ಮೂರು ಕುರ್ಚಿ ಹಿಡಿಯಬೇಕು.