ಒಪ್ಪೂಟದಲ್ಲಿ ನಾನು ಕೇಳಿದ್ದು

ಹರಿಹರ,
ಶ್ರಾವಣದ ಎರಡನೇ ಬಿಡುವಾರ, ೨೧೪೭

ಕಂಪ್ಯೂಟರ್ ಕೆಲಸ ಮಾಡುವ ಹಿಂದಿನ ಕಾಲದವರಿಗೆ,

ನಿಮ್ಮನ್ನು ಅಜ್ಜ ಅಜ್ಜಿ ಎನ್ನಬೇಕೋ ಮಕ್ಕಳೇ ಎನ್ನಬೇಕೋ ತಿಳಿಯುತ್ತಿಲ್ಲ. ನೀವು ತೀರಿಕೊಂಡು ಬಹಳ ಕಾಲವಾಯಿತು. ಆದರೂ ಇದನ್ನು ಓದುವಾಗ ನನಗಿಂತ ಚಿಕ್ಕವರೇ ಇರುತ್ತೀರಿ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಪದಗಳಿವೆ, ನಿಮ್ಮ ಇಂಗ್ಲಿಷಿನಲ್ಲಿ ನಾನು ಮರೆತ ಪದಗಳಿವೆ. ಕಾಲೇಜಿನಲ್ಲಿ ನಾನು ಹಳೆ ಇಂಗ್ಲಿಷು ತೆಗೆದುಕೊಂಡಿದ್ದೆ, ನಿಮ್ಮಲ್ಲಿ ಕೆಲವರು ಹಳಗನ್ನಡ ತೆಗೆದುಕೊಳ್ಳುತ್ತಿದ್ದರಂತಲ್ಲ, ಹಾಗೆ, ಪಾಸಾಗಲು ಬೇಕಾದಷ್ಟು. ಈಗ ಉಳಿದಿರುವುದು ‘ಡಿಯರ್ ಸರ್’, ‘ಐ ಬೆಗ್ ಟು’ ಏನೋ ಒಂದು, ಮತ್ತು ನಿಮ್ಮ ಬಗೆಗಿನ ಒಂದು ಪಾಠ.

ಮೇಲೆ ಬರೆದ ವಾರದ ಹೆಸರು ತಪ್ಪಲ್ಲ. ಭಾನುವಾರಕ್ಕೂ ಸೋಮವಾರಕ್ಕೂ ನಡುವೆ ನಮಗೆ ಇನ್ನೊಂದು ದಿನವಿದೆ, ಅದೇ ಬಿಡುವಾರ. ನಿಮ್ಮ ಕಾಲದವರು ಇನ್ನೊಂದು ದಿನ ರಜೆ ಬೇಕೆಂದು ಕೇಳುತ್ತಲೇ ಹೋದರು, ಕಂಪನಿಗಳು ಕೊನೆಗೆ ವಾರವನ್ನೇ ಹಿಗ್ಗಿಸಿ ಕೊಟ್ಟವು. ಆ ದಿನ ಜನ ಏನು ಮಾಡುತ್ತಾರೆ ಅಂತೀರಿ? ಒಳ್ಳೆಯ ಬಟ್ಟೆ ಹಾಕಿಕೊಂಡು ಕಂಪನಿಗೆ ಹೋಗುತ್ತಾರೆ. ಗೆಳೆಯರು ಅಲ್ಲಿದ್ದಾರೆ, ಹೊಳೆ ಗಾಳಿ ಬರುವ ಪಡಸಾಲೆ ಅಲ್ಲಿದೆ, ಹೇಳಿದ್ದನ್ನು ಕೇಳಿಸಿಕೊಳ್ಳುವವರು ಅಲ್ಲಿದ್ದಾರೆ. ಊರ ಬೀದಿಯಲ್ಲಿ ನನ್ನಂಥವರು ಮತ್ತು ನಾಯಿಗಳು ಮಾತ್ರ. ನಾಯಿಗಳೂ ಈಚೆಗೆ ಕಡಿಮೆ. ಕಂಪನಿಯ ಊಟ ಅವಕ್ಕೂ ರುಚಿಸಿರಬೇಕು.

ಪಾಠದ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರುವ ಮುನ್ನ ಕಂಪನಿಯಲ್ಲಿ ಏನು ನೋಡುತ್ತೀರಿ ಎಂದು ಯಾರೋ ನಿಮ್ಮನ್ನು ಮತ್ತೆ ಮತ್ತೆ ಕೇಳುತ್ತಿದ್ದರು, ನೀವು ಬೇಸರವಿಲ್ಲದೆ ಉತ್ತರಿಸುತ್ತಿದ್ದಿರಿ. ‘ಫ್ಲೆಕ್ಸಿಬಲ್’ ಎಂದಿರಿ, ‘ಗ್ರೋಥ್’ ಎಂದಿರಿ, ‘ಕಲ್ಚರ್’ ಎಂದಿರಿ. ‘ಬ್ಯಾಲೆನ್ಸ್’ ಎಂದೂ ಅಂದಿರಿ, ಹಾಗೆಂದರೆ ತಕ್ಕಡಿ ಎಂದು ನಮ್ಮ ಮೇಷ್ಟ್ರು ಹೇಳಿದ ನೆನಪು. ಸಂಬಳ ಇದ್ದೇ ಇತ್ತು. ಅದರ ಕೆಳಗೆ, ನನ್ನ ಮಾತಿಗೆ ಬೆಲೆ ಕೊಡುವವರು ಬೇಕು, ಮಾಡಿದ್ದನ್ನು ಗುರುತಿಸುವವರು ಬೇಕು, ನಾನು ನಾನಾಗಿ ಇರಬೇಕು, ಮನೆಯಂಥ ವಾತಾವರಣವಿರಬೇಕು ಎಂದು ಬರೆದಿರಿ. ಹುಡುಗಿಗೆ ಗಂಡು ಹುಡುಕುವವರು ಕೇಳುವಂಥ ಮಾತುಗಳಪ್ಪಾ ಇವು ಎಂದು ಕ್ಲಾಸಿನಲ್ಲಿ ನಾವು ನಗುತ್ತಿದ್ದೆವು.

ಆಮೇಲೆ ಅದು ನಿಜವಾಗಿಯೂ ಹಾಗೆಯೇ ಆಯಿತು. ನಮ್ಮಲ್ಲಿ ಯಾರೂ ಅರ್ಜಿ ಹಾಕಿ ಕೆಲಸಕ್ಕೆ ಸೇರುವುದಿಲ್ಲ, ಒಪ್ಪೂಟ ಮಾಡಿ ಸೇರುತ್ತಾರೆ. ಕಂಪನಿ ಊಟ ಹಾಕುತ್ತದೆ. ಒಂದು ಸಾಲಿನಲ್ಲಿ ಕಂಪನಿ ಕಡೆಯವರು, ಎದುರು ಸಾಲಿನಲ್ಲಿ ಕೆಲಸಕ್ಕೆ ಸೇರುವವರು, ಪಕ್ಕದಲ್ಲಿ ಅವರ ಮನೆಕಡೆಯ ಹಿರಿಯರೊಬ್ಬರು. ನೀವು ಬರೆದಿಟ್ಟ ಆ ಬೇಕುಗಳನ್ನೇ ಹಿರಿಯರು ಒಂದೊಂದಾಗಿ ಕೇಳುತ್ತಾರೆ. ಎಲೆ ಮುಂದೆ ಕೂತ ಕಂಪನಿ ಸುಳ್ಳು ಹೇಳುವಂತಿಲ್ಲ, ಅದು ಕಾನೂನು. ಉತ್ತರ ಒಪ್ಪಿಗೆಯಾದರೆ ಸೇರುವವರು ಹೋಳಿಗೆ ಮುರಿದು ಬಾಯಿಗಿಡುತ್ತಾರೆ. ಅಲ್ಲಿಗೆ ಮುಗಿಯಿತು.

ನನ್ನ ಹೆಂಡತಿ ಕೊಟ್ರಮ್ಮನ ಒಪ್ಪೂಟಕ್ಕೆ ಅವಳ ಸೋದರಮಾವ ಹೋಗಿದ್ದರು. ಕೇಳಿದ್ದಕ್ಕೆಲ್ಲ ಕಂಪನಿಯವರು ಹೌದು ಎಂದರಂತೆ, ಹೇಳಿದ್ದೆಲ್ಲ ನಿಜವೂ ಆಗಿತ್ತು. ಅವಳು ಒರೆಗಾರ್ತಿ. ಯಂತ್ರಗಳು ತಾವೇ ಬರೆದುಕೊಂಡ ಲೆಕ್ಕಾಚಾರ ನಂಬುವಂಥದ್ದೋ ಅಲ್ಲವೋ ಎಂದು ಒರೆಹಚ್ಚಿ ನೋಡುವ ಕೆಲಸ. ಮನೆವಾರ್ತೆ ನನ್ನದು. ಅವಳು ಒಂದು ತಪ್ಪು ಹಿಡಿದರೆ ಅಲ್ಲಿಯ ಮುಖ್ಯಸ್ಥ ಎದ್ದು ಬಂದು ಪಕ್ಕದಲ್ಲಿ ಕೂತು, ಇದು ನಿಮಗೆ ಹೇಗೆ ಕಾಣಿಸಿತು ಎಂದು ಕೇಳುತ್ತಿದ್ದನಂತೆ. ಅದನ್ನು ಅವಳು ಊಟ ಮಾಡುತ್ತ ನನಗೆ ಹೇಳುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ, ಹೂಂ ಎನ್ನುತ್ತಿದ್ದೆ, ರೊಟ್ಟಿ ಇನ್ನೊಂದು ಹಾಕಲೇ ಎನ್ನುತ್ತಿದ್ದೆ. ಯಾವ ಗಂಡ ಇದಕ್ಕಿಂತ ಹೆಚ್ಚು ಮಾಡುತ್ತಾನೆ ಹೇಳಿ. ಬರುಬರುತ್ತ ಹೇಳುವುದು ಬಿಟ್ಟಳು. ಆಮೇಲೆ ಊಟವನ್ನೂ ಅಲ್ಲಿಯೇ ಮುಗಿಸಿ ಬರತೊಡಗಿದಳು. ಯಾರೂ ಅವಳನ್ನು ಹಿಡಿದು ಕೂರಿಸಿರಲಿಲ್ಲ. ಯಾವ ಹೊತ್ತಿಗೆ ಬೇಕಾದರೂ ಎದ್ದು ಬರಬಹುದಾಗಿತ್ತು. ನೀವು ಕೇಳಿ ಪಡೆದ ‘ಫ್ಲೆಕ್ಸಿಬಲ್’ ಇದೇ ತಾನೆ?

ಅವಳಿಗೆ ಶ್ವಾಸಕೋಶದ ಕಾಯಿಲೆ ಹತ್ತಿದಾಗ ಕಂಪನಿಯವರು ನೋಡಿಕೊಂಡ ಹಾಗೆ ಒಡಹುಟ್ಟಿದವರೂ ನೋಡುವುದಿಲ್ಲ. ಹಾಸಿಗೆಯ ಸುತ್ತ ಸದಾ ಯಾರಾದರೂ ಇರುತ್ತಿದ್ದರು. ನನಗೆ ಕಾಲುಗಳ ಹತ್ತಿರ ಜಾಗ. ಅವಳನ್ನು ಮಣ್ಣು ಮಾಡಿದ ದಿನ ಅವರೆಲ್ಲ ಅತ್ತರು. ತೋರಿಕೆಗೆ ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ನನ್ನ ಕೈ ಹಿಡಿದು, ಹಾಗಲಕಾಯಿ ಗೊಜ್ಜು ಮಾಡಿದಾಗಲೆಲ್ಲ ಅಕ್ಕನದೇ ನೆನಪಾಗುತ್ತದೆ, ಅವರಿಗೆ ಅದು ಪ್ರಾಣ ಎಂದ. ನಮ್ಮ ಮನೆಯಲ್ಲಿ ಹಾಗಲಕಾಯಿ ತಂದವರಿಲ್ಲ. ಬೇಕು ಎಂದು ಅವಳು ಒಂದು ದಿನವೂ ಬಾಯಿಬಿಟ್ಟವಳಲ್ಲ. ನಾನು ತಲೆಯಾಡಿಸಿದೆ, ಗೊತ್ತಿದ್ದವನ ಹಾಗೆ.

ಈಗ ಮಗಳು ನೀಲಾಂಬಿಕೆಯ ಸರದಿ. ಅವಳೂ ಒರೆಗಾರ್ತಿ, ಕೈ ಚುರುಕು, ದಾವಣಗೆರೆಯ ಇನ್ನೆರಡು ಕಂಪನಿಗಳು ಎಲೆ ಹಾಕಲು ತುದಿಗಾಲಲ್ಲಿ ನಿಂತಿದ್ದವು. ಅವಳು ಆರಿಸಿದ್ದು ತಾಯಿಯ ಕಂಪನಿಯನ್ನೇ. ಬೇರೆ ಎಲ್ಲಾದರೂ ಸೇರು, ಸ್ವಲ್ಪ ಕಷ್ಟದ ಜಾಗವೇ ಆಗಲಿ ಎಂದೆ. ಕಷ್ಟದ ಜಾಗ ಯಾಕೆ ಎಂದು ನಕ್ಕಳು. ನಿಮ್ಮಮ್ಮನನ್ನು ಅವರು ನನ್ನಿಂದ ಕಿತ್ತುಕೊಂಡರು ಎಂದುಬಿಟ್ಟೆ. ನಗು ನಿಂತಿತು.

‘ಅಪ್ಪಾಜಿ, ಅಮ್ಮ ಅಲ್ಲಿ ಖುಷಿಯಾಗಿದ್ಲು,’ ಎಂದಳು. ‘ಇಲ್ಲಿ ಇದ್ಲಾ?’

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ನಾನು ಒಲೆ ಆರಿಸುವ ನೆಪದಲ್ಲಿ ಒಳಗೆ ಹೋದೆ.

ಮನೆಕಡೆಯ ಹಿರಿಯ ನಾನೇ ಆಗಬೇಕಿತ್ತು, ಕೊಟ್ರಮ್ಮನ ಸೋದರಮಾವ ಈಗಿಲ್ಲ. ನಿನ್ನೆ ಒಪ್ಪೂಟವಾಯಿತು. ಕಂಪನಿ ಕಡೆಯಿಂದ ತುಂಗಾಬಾಯಿ ಎಂಬ ಹೆಂಗಸು ಕೂತಿದ್ದರು, ಮೆಲುಮಾತಿನವರು. ನನ್ನ ಮೊಣಕಾಲಿನ ನೋವು ಅವರಿಗೆ ಹೇಗೋ ಗೊತ್ತಾಗಿ ನನಗೊಬ್ಬನಿಗೆ ಎತ್ತರದ ಮಣೆ ಹಾಕಿಸಿದ್ದರು. ನಾನು ಎಲ್ಲವನ್ನೂ ಕೇಳಿದೆ. ಮಾತಿಗೆ ಬೆಲೆ ಇದೆಯೇ? ಇದೆ. ಕಲಿಯಲು ಬಿಡುತ್ತೀರಾ? ಬಿಡುತ್ತೇವೆ. ಮಾಡಿದ್ದನ್ನು ಗುರುತಿಸುತ್ತೀರಾ? ಅದೇ ದಿನ. ನೀಲಾಳ ಕೈ ಹೋಳಿಗೆಯ ಕಡೆ ಸರಿಯಿತು. ಇನ್ನೂ ಒಂದು ಪ್ರಶ್ನೆ ಇದೆ ಎಂದು ತಡೆದೆ. ಕ್ರಮದಲ್ಲಿ ಇಲ್ಲದ ಪ್ರಶ್ನೆ. ಸಾಲಿನಲ್ಲಿದ್ದವರು ಉಣ್ಣುವುದನ್ನು ನಿಲ್ಲಿಸಿದರು.

‘ಇವಳನ್ನ ಸ್ವಲ್ಪ ಕೆಟ್ಟದಾಗಿ ನೋಡ್ಕೊಳ್ಳೋಕೆ ಆಗುತ್ತಾ, ತಾಯಿ? ಸಂಜೆ ಆದ್ರೆ ಮನೆ ನೆನಪಾಗೋ ಅಷ್ಟು?’

ಯಾರೋ ನಕ್ಕರು. ತುಂಗಾಬಾಯಿ ನಗಲಿಲ್ಲ. ಸುಳ್ಳು ಹೇಳುವ ಹಾಗಿರಲಿಲ್ಲವಲ್ಲ.

‘ನಮ್ಮ ಕೈಲಿ ಆಗಲ್ಲ ಸರ್. ಇದನ್ನೆಲ್ಲ ಕೇಳಿ ಇಸ್ಕೊಂಡಿದ್ದು ನಿಮ್ಮ ಕಡೆಯವರೇ.’

ನೀಲಾ ನನ್ನ ಮುಖ ನೋಡಿದಳು. ತಾಯಿ ನೋಡುತ್ತಿದ್ದ ಹಾಗೆಯೇ, ಇಷ್ಟು ಕಾಯುತ್ತೇನೆ, ಇದಕ್ಕಿಂತ ಹೆಚ್ಚು ಕಾಯಲಾರೆ ಎನ್ನುವ ಹಾಗೆ. ಅಲ್ಲಿ ಬೇಡ ಎನ್ನಲು ನನ್ನ ಹತ್ತಿರ ಒಂದು ಕಾರಣವಾದರೂ ಬೇಕಿತ್ತು. ಸಂಜೆ ಮನೆಯಲ್ಲಿ ಇಂಥದ್ದು ಇದೆ, ಅದಕ್ಕಾಗಿ ಬಾ ಎನ್ನಬೇಕಿತ್ತು. ಹುಡುಕಿದೆ. ಅವಳು ಹೋಳಿಗೆ ಮುರಿದಳು.

ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ. ತಡೆಯುವ ಕಾಲ ನಿಮ್ಮದು, ನಮ್ಮದಲ್ಲ. ನಾಳೆ ಮತ್ತೆ ಯಾರೋ ಬಂದು ಕಂಪನಿಯಲ್ಲಿ ಏನು ಬಯಸುತ್ತೀರಿ ಎಂದು ಕೇಳುತ್ತಾರೆ. ಸಂಬಳ ಕೇಳಿ. ಜಗಳವಾಡಿ ಕೇಳಿ. ರಜೆ ಕೇಳಿ, ಬೆನ್ನು ನೋಯದ ಕುರ್ಚಿ ಕೇಳಿ, ಕುಡಿಯಲು ಒಳ್ಳೆಯ ನೀರು ಕೇಳಿ. ಅಕ್ಕರೆ ಮಾತ್ರ ಕೇಳಬೇಡಿ. ಕೊಡುವುದಿಲ್ಲ ಎಂದಲ್ಲ. ಅವರು ಕೊಟ್ಟುಬಿಡುತ್ತಾರೆ, ಮನೆಯಲ್ಲಿ ಕೂತವರಿಗಿಂತ ಚೆನ್ನಾಗಿ ಕೊಡುತ್ತಾರೆ.

ಇಂತಿ,
ಹಾಲೇಶಪ್ಪ