ಉಪ್ಪನ್ನು ನಿಧಾನವಾಗಿ ಏರಿಸಿದ ಡಾಕ್ಟರಮ್ಮನ ತಪ್ಪೇನು?

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಮ್ಮ ದ್ವೀಪದ ಆಸ್ಪತ್ರೆಯ ಡಾಕ್ಟರ್ ಪ್ಯೋ ಅವರ ಮೇಲೆ ‘ಚಿಕಿತ್ಸೆಯಲ್ಲಿ ವಿಳಂಬ’ ಎಂದು ನೀವು ದೂರು ಬರೆದಿದ್ದೀರಿ. ಆ ವಿಳಂಬದಿಂದ ಬದುಕಿದವರ ಹೆಂಡತಿ ನಾನು. ಓದಿದ್ದು ನಾಲ್ಕನೇ ತರಗತಿ. ತಪ್ಪಿದ್ದರೆ ತಿದ್ದಿಕೊಳ್ಳಿ, ಅವಸರವಿಲ್ಲ.

ನನ್ನ ಗಂಡ ಐವತ್ತು ವರ್ಷ ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆದವರು. ಅಂಥವರ ಎದೆಗೆ ‘ಉಪ್ಪು ತಗ್ಗಿಸಿದ ಆದರ್ಶ ಹಿರಿಯ’ ಎಂಬ ಬಿಲ್ಲೆ ಸಿಕ್ಕಿಸುವ ಯೋಚನೆ ನಿಮ್ಮದು. ನೀವು ತಗ್ಗಿಸಿ ಎಂದಿರಿ, ಅವರು ಪೂರ್ತಿ ಬಿಟ್ಟರು. ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಯನ್ನೂ ನೀರಿನಲ್ಲಿ ತೊಳೆದು ತಿಂದರು, ದಿನಕ್ಕೆ ಮೂರು ಕೆಟಲ್ ಬಾರ್ಲಿ ಚಹಾ ಕುಡಿದರು. ತಿಂಗಳು ತುಂಬುವಷ್ಟರಲ್ಲಿ ನನ್ನನ್ನು ತೀರಿಹೋದ ಸೋದರತ್ತೆ ಎಂದುಕೊಂಡು ನೆಲಕ್ಕೆ ಬಾಗಿ ನಮಸ್ಕರಿಸಿದರು. ಮದುವೆಯಾದಂದಿನಿಂದ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ಕಾಯಿಲೆ ದೊಡ್ಡದೆಂದು ಆಗಲೇ ತಿಳಿಯಿತು.

ಆಸ್ಪತ್ರೆಗೆ ಸೇರಿಸಿದಾಗ, ರಕ್ತದಲ್ಲಿ ಉಪ್ಪು ಇಳಿದಿದೆ ಎಂದರು ಡಾಕ್ಟರ್. ಊರ ತುಂಬ ಉಪ್ಪಿನ ಗುಡ್ಡೆಗಳಿರುವಾಗ ಇದೇನು ಅವಮಾನ! ಅವರಿಗೆ ತಿನ್ನಿಸೋಣವೆಂದು ಉಪ್ಪು ಹಾಕಿದ ಸೀಗಡಿಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾರ್ಡಿಗೆ ನುಗ್ಗಿದೆ. ಡಬ್ಬಿ ಸೋರಿ ಡಾಕ್ಟರ್ ಕೈಗೆ ಸಿಕ್ಕಿಬಿದ್ದೆ.

“ಅಜ್ಜಿ, ಉಪ್ಪು ಒಂದೇ ಸಲ ಏರಿದ್ರೆ ಮೆದುಳಿನ ಬುಡದಲ್ಲಿ ನರಗಳ ಮೇಲಿರೋ ಪೊರೆ ಹಾಳಾಗುತ್ತೆ. ಆಮೇಲೆ ತಾತಂಗೆ ಮಾತಾಡೋಕೂ ಆಗಲ್ಲ, ನುಂಗೋಕೂ ಆಗಲ್ಲ.”

“ಮಾತು ಹೋದ್ರೆ ಹೆಂಗೋ ತಡ್ಕೋತೀನಿ ಕಣಮ್ಮ. ನುಂಗೋಕಾಗ್ದಿದ್ರೆ ನಾನು ಯಾರಿಗೆ ಬೇಯ್ಸಿ ಹಾಕ್ಲಿ?”

ಆಮೇಲೆ ಶೌಚಾಲಯಕ್ಕೆ ಹೋಗಿ ಅತ್ತೆ. ಅದು ನಿಮ್ಮ ಕಡತಕ್ಕೆ ಬೇಡ.

ಅಷ್ಟರಲ್ಲಿ ಹೂಗುಚ್ಛ ಹಿಡಿದು ನೀವು ಬಂದಿರಿ.

“ಶನಿವಾರ ಬಿಲ್ಲೆ ಕೊಡೋ ಸಮಾರಂಭ ಇದೆ ಡಾಕ್ಟರೇ. ಎರಡು ದಿನದಲ್ಲಿ ತಾತನ್ನ ಎಬ್ಬಿಸ್ಬಿಡಿ.”

“ಆಗಲ್ಲ ಸಾರ್. ದಿನಕ್ಕೆ ಇಷ್ಟೇ ಏರಿಸ್ಬೇಕು ಅಂತ ಮಿತಿ ಇದೆ.”

ಆ ಡಾಕ್ಟರ್ ಹುಡುಗಿ ನಾಲ್ಕು ಗಂಟೆಗೊಮ್ಮೆ ರಕ್ತ ನೋಡುತ್ತ, ಬಾಟಲಿಯ ಹನಿ ತಗ್ಗಿಸುತ್ತ ಕಾದಳು. ನೀವು ದೂರು ಬರೆದಿರಿ.

ನಿಮ್ಮ ಮನೆಯಲ್ಲಿ ಕಿಮ್ಚಿ ಹಾಕುವವರು ಯಾರು ಸ್ವಾಮಿ? ಎಲೆಕೋಸನ್ನು ಮಗುಚಿ ಮಗುಚಿ ಇಡೀ ರಾತ್ರಿ ಉಪ್ಪುನೀರಿನಲ್ಲಿ ನೆನೆಸಬೇಕು. ಅವಸರಕ್ಕೆ ಉಪ್ಪು ಸುರಿದರೆ ಹೊರಗಿನ ಎಲೆ ಬಾಡುತ್ತದೆ, ದಂಟು ಹಸಿಯಾಗಿಯೇ ಉಳಿಯುತ್ತದೆ. ಎಲೆಕೋಸಿಗೆ ಕೊಡುವಷ್ಟು ಪುರುಸೊತ್ತು ನನ್ನ ಗಂಡನ ತಲೆಗೆ ಬೇಡವೇ?

ಆರನೇ ದಿನ ಗಂಜಿ ನುಂಗಿದರು. ಅದೇ ಬಟ್ಟೆಯಲ್ಲಿ ಪಕ್ಕದಲ್ಲೇ ಕೂತಿದ್ದ ನನ್ನತ್ತ ತಿರುಗಿ, ಒಂದಕ್ಷರ ತೊದಲದೆ ಹೇಳಿದರು: “ಏನೇ ಇದು, ಮೈಯೆಲ್ಲ ಸೀಗಡಿ ನಾತ! ಸ್ನಾನ ಮಾಡ್ಬಾರ್ದಾ?”

ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿಯೇ ಇರಲಿಲ್ಲ.

ಸೋಮವಾರದೊಳಗೆ ದೂರನ್ನು ಹಿಂತೆಗೆದುಕೊಳ್ಳಿ. ಇಲ್ಲವಾದರೆ ನಮ್ಮೂರಿನ ಹನ್ನೆರಡು ಮಂದಿ ಮುದುಕಿಯರು ನಿಮ್ಮ ಕಚೇರಿಯ ಅಂಗಳದಲ್ಲೇ ನೂರು ಎಲೆಕೋಸು ಉಪ್ಪಿಗೆ ಹಾಕುತ್ತೇವೆ. ಬೆಳಗಿನತನಕ ಮಗುಚುತ್ತ ಕೂರುವ ಕೆಲಸ ನಿಮ್ಮದು.

ಇಂತಿ,
ಸ್ನಾನ ಮುಗಿಸಿ ಬರೆಯುತ್ತಿರುವ,
ಮಾ ಓಕ್‌ಬುನ್
(ಸೀಗಡಿ ಡಬ್ಬಿ ಇನ್ನೂ ಆಸ್ಪತ್ರೆಯ ವಶದಲ್ಲಿದೆ. ಆ ವಿಳಂಬದ ಬಗ್ಗೆ ಬೇಕಾದರೆ ದೂರು ಬರೆಯಿರಿ.)