ಅರ ಹಾಕಿದ ರ‍್ಯಾಮ್

ರೀ,

ನಾನು ಸೈಟಿಗೆ ಹೊರಟೆ. ಎದ್ದಮೇಲೆ ನನ್ನ ಲ್ಯಾಪ್‌ಟಾಪಿಗೆ ಮತ್ತೆ ಸ್ಕ್ರೂಡ್ರೈವರ್ ಹಾಕಬೇಡಿ.

ಲ್ಯಾಪ್‌ಟಾಪ್ ಚುರುಕಾಗಲಿ ಅಂತ ಹೇಳದೆ ಕೇಳದೆ ತಂದಿದ್ದೀರಲ್ಲ ಆ ಮೆಮೊರಿ ಪಟ್ಟಿ, ರ‍್ಯಾಮ್, ಅದು ಡಿಡಿಆರ್ ನಾಲ್ಕನೇ ನಮೂನೆ. ಈ ಹಳೇ ಲ್ಯಾಪ್‌ಟಾಪಿಗೆ ಮೂರನೇದೇ ಆಗಬೇಕು. ಅಂಚಿನ ಕಚ್ಚು ಬೇರೆ ಕಡೆ ಇರೋದೇ ತಪ್ಪಾದದ್ದು ಒಳಗೆ ಹೋಗದಿರಲಿ ಅಂತ. ಬಾಗಿಲು ಬಿಗಿಯಾದ ಹಾಗೆ ಅರ ಹಿಡಿದು ಉಜ್ಜಿದ್ದೀರಿ, ಮೇಜಿನ ತುಂಬ ಪುಡಿ. ಬಡಗಿಯನ್ನ ಕಟ್ಟಿಕೊಂಡವಳು ನಾನೇ, ಯಾರಿಗೆ ಹೇಳಲಿ?

ಒಳಗಿದ್ದ ಹಳೇ ರ‍್ಯಾಮ್ ಎಲ್ಲಿ? ಅದಿಲ್ಲದೆ ಲ್ಯಾಪ್‌ಟಾಪ್ ಆನೇ ಆಗಲ್ಲ. ಮೊಳೆ ಡಬ್ಬ, ಅಂಗಿ ಜೇಬು ಎಲ್ಲ ಹುಡುಕಿ. ಸಿಕ್ಕಿದರೆ ಹೊಳೆಯೋ ಅಂಚು ಮುಟ್ಟದೆ ಲ್ಯಾಪ್‌ಟಾಪಿನ ಜೊತೆ ಕಂಪ್ಯೂಟರ್ ಅಂಗಡಿಗೆ ಒಯ್ದು ಇಂಥದ್ದೇ ಕೊಡಿ ಅನ್ನಿ, ಅವರೇ ಕೂರಿಸಲಿ. ಎಂಟು ಜಿಬಿ ಸಾಕು, ಅದಕ್ಕಿಂತ ಹೆಚ್ಚು ಇದು ತಡೆಯಲ್ಲ. "ಇರಲಿ, ಸ್ವಲ್ಪ ದೊಡ್ಡದೇ ಕೊಡಿ" ಅಂತ ಶುರು ಮಾಡಬೇಡಿ.

ಸಂಜೆಯೊಳಗೆ ನಾನು ಬರೆದ ಹೊಸ ಶಾಲೆ ಕಟ್ಟಡದ ನಕ್ಷೆ ಕಳಿಸದಿದ್ದರೆ ಕೆಲಸ ಕೈತಪ್ಪುತ್ತೆ. ನಕ್ಷೆ ಲ್ಯಾಪ್‌ಟಾಪಿನೊಳಗೇ ಇದೆ. ಆ ಶಾಲೆಯ ಬಾಗಿಲು, ಕಿಟಕಿ ಎಲ್ಲ ನಿಮ್ಮ ಕೈಯಿಂದಲೇ ಆಗಬೇಕು ಅಂತ ಶಾಲೆಯವರನ್ನ ಒಪ್ಪಿಸಿದ್ದೀನಿ. ನೀವು ರ‍್ಯಾಮ್ ತಂದದ್ದನ್ನ ಬಚ್ಚಿಟ್ಟ ಹಾಗೆ ನಾನೂ ಇದನ್ನ ಬಚ್ಚಿಟ್ಟಿದ್ದೆ.

ತಿಂಡಿ ಒಲೆ ಮೇಲಿದೆ. ಮೊದಲು ಹುಡುಕಿ, ಆಮೇಲೆ ತಿನ್ನಿ.